ಮೈದಾ ಇಲ್ಲದ ಜೋಳದ ಚೌಡರ್: ನಂದಿ ಬೆಟ್ಟದ ದಾರಿಯಲ್ಲಿ ನನ್ನ ಅನುಭವ

"ಹಾಲಿಗೆ ಈರುಳ್ಳಿ, ಉಪ್ಪು ಹಾಕ್ತಾರೇನಮ್ಮ? ಒಡೆಯದೆ ಇನ್ನೇನಾಗುತ್ತೆ?" ಅಂತ ನಮ್ಮತ್ತೆ ಕೇಳಿದ್ದು ಮೂರು ವರ್ಷದ ಹಿಂದೆ, ಹಾಲು ಹಾಕಿ ಮಾಡುವ ಗಟ್ಟಿ ಸೂಪಿನಂಥ ಜೋಳದ ಚೌಡರ್ ಮಾಡಿ ಗಾಡಿಯಲ್ಲಿ ಮಾರುತ್ತೇನೆ ಅಂದಾಗ. "ಅಕ್ಕಾ, ಮೈದಾ ಹುರಿಯದೆ ಚೌಡರ್ ಗಟ್ಟಿ ಆಗಲ್ಲ. ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡ" ಅಂದವನು ನನ್ನ ತಮ್ಮ. ಅವನು ಬೆಂಗಳೂರಿನ ಹೋಟೆಲ್ ಅಡುಗೆಮನೆಯಲ್ಲಿ ಹತ್ತು ವರ್ಷ ದುಡಿದವನು. ಅವನ ಮಾತು ತೆಗೆದುಹಾಕುವ ಹಾಗಿರಲಿಲ್ಲ.

ಈಗ ಎರಡು ಚಳಿಗಾಲ ಕಳೆದಿವೆ. ಒಂದು ಚಮಚ ಮೈದಾ ಇಲ್ಲ, ಕ್ರೀಮ್ ಇಲ್ಲ. ಶನಿವಾರ, ಭಾನುವಾರ ಬೆಳಗ್ಗೆ ಒಂಬತ್ತರೊಳಗೆ ದಿನಕ್ಕೆ 90 ಕಪ್ ಖಾಲಿಯಾಗುತ್ತೆ. ಹಾಲು ಒಡೆದು ಒಂದು ವರ್ಷದ ಮೇಲಾಯಿತು. ಹಾಗಾಗಿ ಈಗ ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ಗಾಡಿ. ಟೀ, ಬೇಯಿಸಿದ ಜೋಳ, ಕೆಂಡದಲ್ಲಿ ಸುಟ್ಟ ಜೋಳ. ವಾರದ ಕೊನೆಯಲ್ಲಿ ಬೆಳಗಿನ ಜಾವಕ್ಕೇ ಬೈಕುಗಳ ಸಾಲು ಶುರು. ಬೆಟ್ಟ 1478 ಮೀಟರ್ ಎತ್ತರ. ಡಿಸೆಂಬರ್ ಮಂಜಿನಲ್ಲಿ ಬೈಕ್ ಓಡಿಸಿಕೊಂಡು ಬಂದ ಹುಡುಗರಿಗೆ ಟೀ ಲೋಟ ಹಿಡಿಯೋಕೂ ಕೈ ಬರಲ್ಲ. ಅವರಿಗೆ ಬಿಸಿಯಾಗಿ, ಹೊಟ್ಟೆಗೆ ಆಗುವಂಥದ್ದು ಏನಾದರೂ ಬೇಕು. ನನ್ನ ಹತ್ತಿರ ಪ್ರತಿ ವಾರ ಇಪ್ಪತ್ತು ಮೂವತ್ತು ತೆನೆ ಉಳಿಯುತ್ತಿತ್ತು. ಸ್ವೀಟ್ ಕಾರ್ನ್ ಕಿತ್ತ ಮಾರನೇ ದಿನಕ್ಕೇ ಸಿಹಿ ಕಮ್ಮಿಯಾಗುತ್ತೆ, ಕಾಳು ಹಿಟ್ಟುಹಿಟ್ಟಾಗುತ್ತೆ. ಸುಟ್ಟು ಕೊಟ್ಟರೆ ಗಿರಾಕಿ ಮುಖ ಸಿಂಡರಿಸುತ್ತಾರೆ. ದನಕ್ಕೆ ಹಾಕುತ್ತಿದ್ದೆವು. ಚೌಡರ್ ಯೋಚನೆ ಬಂದಿದ್ದೇ ಈ ತೆನೆಗಳಿಂದ.

ಚೌಡರ್ ಅಮೆರಿಕದ ನ್ಯೂ ಇಂಗ್ಲೆಂಡ್ ಕರಾವಳಿಯಲ್ಲಿ ಬೇರೂರಿದ ತಿನಿಸು. ಅಲ್ಲಿ ಮೀನು ಇಲ್ಲವೇ ಕಪ್ಪೆಚಿಪ್ಪಿನ ಮಾಂಸ, ಉಪ್ಪು ಹಾಕಿದ ಹಂದಿ ಮಾಂಸ, ಈರುಳ್ಳಿ ಹಾಕಿ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಬಾಸ್ಟನ್‌ನ ಒಂದು ಪತ್ರಿಕೆಯಲ್ಲಿ 1751ರಲ್ಲೇ ಇದನ್ನು ಮಾಡುವ ವಿಧಾನವನ್ನು ಪದ್ಯವಾಗಿ ಅಚ್ಚು ಹಾಕಿದ್ದರು. ಅದರಲ್ಲಿ ಹಾಲೂ ಇಲ್ಲ, ಆಲೂಗಡ್ಡೆಯೂ ಇಲ್ಲ. ಗಟ್ಟಿ ಮಾಡುತ್ತಿದ್ದದ್ದು ಬಿಸ್ಕತ್ತು, ಹಡಗಿನವರ ಗಟ್ಟಿ ಬಿಸ್ಕತ್ತು. ಹಾಲು, ಆಲೂಗಡ್ಡೆ ಬಂದದ್ದು ಆಮೇಲೆ. ಇದು ಗೊತ್ತಾದ ದಿನ ತಮ್ಮನಿಗೆ ಫೋನ್ ಮಾಡಿ ಹೇಳಿದೆ, ನೋಡೋ, ಮೊದಲಿನವರು ಮೈದಾ ಹುರಿದು ಮಾಡಿಲ್ಲ ಅಂತ. ಅವನು "ಸರಿ ಅಕ್ಕ, ಮಾಡಿ ತೋರಿಸು" ಅಂದ.

ಮೊದಲು ಅವನು ಹೇಳಿದ ಹಾಗೇ ಮಾಡಿದ್ದೆ. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಹಾಕಿ, ಕೊನೆಗೆ ಕ್ರೀಮ್. ಮನೆಯಲ್ಲಿ ಚೆನ್ನಾಗಿತ್ತು. ಗಾಡಿಗೆ ತಂದು ಹಾಟ್‌ಬಾಕ್ಸ್‌ನಲ್ಲಿಟ್ಟರೆ ಏಳೂವರೆಗೆ ಪೋಸ್ಟರ್ ಅಂಟಿಸುವ ಗೋಂದಿನ ಹಾಗಾಯಿತು. ನೀರು ಬೆರೆಸಿದರೆ ರುಚಿ ಹೋಯಿತು. ಕ್ರೀಮ್ ಸೇರಿ ಒಂದು ಕಪ್ಪಿಗೆ 30 ರೂಪಾಯಿ ಹತ್ತಿರ ಬೀಳುತ್ತಿತ್ತು, ನಾನು ಮಾರುತ್ತಿದ್ದದ್ದು 40ಕ್ಕೆ. ಅರ್ಧ ಉಳಿದರೆ ಲಾಭದ ಮಾತೆಲ್ಲಿ? ಮೊದಲ ಎರಡು ತಿಂಗಳಲ್ಲಿ ಒಂಬತ್ತು ಹತ್ತು ಸಾವಿರ ಹೋಗಿರಬೇಕು. ನಮ್ಮನೆಯವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಜೋಳ ತರೋಕೆ ಹೋದಾಗ ಹತ್ತು ತೆನೆ ಕಮ್ಮಿ ತರೋಕೆ ಶುರು ಮಾಡಿದರು.

ಆಮೇಲೆ ಮೈದಾ ಬಿಟ್ಟೆ. ಬಿಟ್ಟ ಮೊದಲನೇ ಭಾನುವಾರವೇ ಹಾಲು ಒಡೆಯಿತು. ಎಂಟು ಲೀಟರ್, ಅಂದರೆ ಸುಮಾರು 400 ರೂಪಾಯಿ ಹಾಲು, ಜೊತೆಗೆ ಎರಡು ಗಂಟೆ ಗ್ಯಾಸ್. ಪಾತ್ರೆ ತುಂಬ ಪನೀರಿನ ಚೂರು ತೇಲಿದ ಹಾಗೆ. ಅವತ್ತಿನ ತಪ್ಪು ಮೂರು. ಹಿಂದಿನ ದಿನ ಹುಳಿ ಮಾಡಿದ್ದ ಅಲ್ಯೂಮಿನಿಯಂ ಪಾತ್ರೆಯನ್ನು ಸರಿಯಾಗಿ ಉಜ್ಜಿರಲಿಲ್ಲ. ಕುದಿಯುತ್ತಿದ್ದ ಸಾರಿಗೆ ತಣ್ಣಗಿನ ಹಾಲು ಸುರಿದೆ. ಸುರಿದ ಮೇಲೆ ಮತ್ತೆ ಕುದಿಸಿದೆ. ಅತ್ತೆ ಹೇಳಿದ ಹಾಗೇ ಆಯಿತು ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮೈದಾ ಇದ್ದಾಗ ಯಾಕೆ ಒಡೆಯಲಿಲ್ಲ ಅಂತ ತಮ್ಮನನ್ನೇ ಕೇಳಿದೆ. ಹಿಟ್ಟಿನ ಅಂಶ ಹಾಲನ್ನು ಕಾಯುತ್ತೆ ಅಂದ. ಹಾಗಾದರೆ ಆಲೂಗಡ್ಡೆಯಲ್ಲಿ, ಜೋಳದಲ್ಲಿ ಇರೋದೂ ಅದೇ ಅಲ್ವಾ? ಅವುಗಳ ಹಿಟ್ಟಿನ ಅಂಶ ಮೊದಲು ನೀರಿಗೆ ಬಿಟ್ಟುಕೊಳ್ಳಬೇಕು, ಹಾಲು ಆಮೇಲೆ ಬರಬೇಕು. ಅಲ್ಲಿಂದ ದಾರಿ ಸಿಕ್ಕಿತು.

ಈಗ ನಾನು ಮಾಡುವುದು ಹೀಗೆ. ಒಂದು ಪಾತ್ರೆಗೆ 12 ತೆನೆ. ಎಂಟು ನಿನ್ನೆಯವು, ನಾಲ್ಕು ಹೊಸವು. ಹಳೆಯವು ಗಟ್ಟಿ ಕೊಡುತ್ತವೆ, ಹೊಸವು ಸಿಹಿ ಕೊಡುತ್ತವೆ. ದನಕ್ಕೆ ಹೋಗುತ್ತಿದ್ದ ಜೋಳವೇ ಇದಕ್ಕೆ ಒಳ್ಳೆಯದು ಅಂತ ಗೊತ್ತಾಗೋಕೆ ನನಗೆ ಒಂದು ಚಳಿಗಾಲ ಬೇಕಾಯಿತು. ಹಳೆಯದರಲ್ಲಿ ನಾಲ್ಕನ್ನು ಕೆಂಡದಲ್ಲಿ ಸುಡುತ್ತೇನೆ, ಅಲ್ಲಲ್ಲಿ ಕಪ್ಪು ಚುಕ್ಕೆ ಬರುವವರೆಗೆ. ಅಮೆರಿಕದವರು ಹೊಗೆಯಲ್ಲಿಟ್ಟ ಹಂದಿ ಮಾಂಸದಿಂದ ತರುವ ಹೊಗೆ ವಾಸನೆ ನನಗೆ ಈ ನಾಲ್ಕು ತೆನೆಯಿಂದ ಬರುತ್ತೆ. ಐದಕ್ಕಿಂತ ಜಾಸ್ತಿ ಸುಟ್ಟರೆ ಕಹಿ.

ಕಾಳು ಬಿಡಿಸುವಾಗ ಬುಡದವರೆಗೆ ಕೊಯ್ಯಬೇಡಿ. ಮುಕ್ಕಾಲು ಭಾಗ ಕೊಯ್ದು ನಿಲ್ಲಿಸಿ. ಆಮೇಲೆ ದಿಂಡನ್ನು ಅಗಲ ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ, ಚಾಕುವಿನ ಬೆನ್ನಿನಿಂದ ಮೇಲಿಂದ ಕೆಳಗೆ ಒತ್ತಿ ಎಳೆಯಿರಿ. ಬುಡದಲ್ಲಿ ಉಳಿದ ಕಾಳಿನಿಂದ ಹಾಲು ಚಿಮ್ಮುತ್ತೆ. ಮುಖಕ್ಕೂ ಹಾರುತ್ತೆ, ಕೈಯೆಲ್ಲ ಅಂಟಂಟು. ಹನ್ನೆರಡು ತೆನೆಗೆ ಒಂದು ದೊಡ್ಡ ಲೋಟದಷ್ಟು ಬರುತ್ತೆ. ಬೆರಳಿನಲ್ಲಿ ಉಜ್ಜಿ ನೋಡಿ, ಅಕ್ಕಿ ನೆನೆಸಿ ರುಬ್ಬಿದ ಹಾಲಿನ ಹಾಗೆ ನುಣ್ಣಗಿರುತ್ತೆ. ಕ್ರೀಮಿಗೆ ಕೊಡುತ್ತಿದ್ದ ದುಡ್ಡು ನನಗೆ ಉಳಿದದ್ದು ಈ ಲೋಟದಲ್ಲಿ. ಸುಡದೆ ಇದ್ದ ದಿಂಡುಗಳನ್ನು ಎರಡು ತುಂಡು ಮಾಡಿ, ನಾಲ್ಕು ಲೀಟರ್ ನೀರಿನಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದರೆ ಮೂರು ಲೀಟರ್ ಸಾರು ಸಿಗುತ್ತೆ. ಆ ನೀರಿಗೆ ಇನ್ನೊಂದು ವಸ್ತು ಬಿಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ದಾರಿಯಲ್ಲಿ ಇನ್ನೂ ಹನ್ನೆರಡು ಗಾಡಿಗಳಿವೆ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಬೋರ್ ನೀರು ಗಡಸು. ಅದರಲ್ಲಿ ಆಲೂಗಡ್ಡೆ ಬೇಗ ಮೆತ್ತಗಾಗಲ್ಲ, ಮೇಲೆ ಒಂದು ಗಟ್ಟಿ ಪೊರೆ ಕಟ್ಟಿದ ಹಾಗೆ ನಿಲ್ಲುತ್ತೆ. ಬೇಳೆ ಬೇಯಿಸುವ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಐದು ರೂಪಾಯಿ ಕಾಯಿನ್ ಹಾಕಿ ಹಿಡಿಯುವ ಫಿಲ್ಟರ್ ನೀರು ಬಳಸಿದ ದಿನದಿಂದ ಹತ್ತು ನಿಮಿಷ ಗ್ಯಾಸ್ ಉಳಿಯುತ್ತಿದೆ.

ಈರುಳ್ಳಿ ಮುಕ್ಕಾಲು ಕೆಜಿ, ಬೆಣ್ಣೆ 150 ಗ್ರಾಂ. ಈರುಳ್ಳಿ ಕೆಂಪಾಗಬಾರದು, ಗಾಜಿನ ಹಾಗಾದರೆ ಸಾಕು. ಆ ಕಡೆಯವರು ಹಾಕುವ ಸೆಲರಿ, ಥೈಮ್ ಅನ್ನೋ ಘಮದ ಸೊಪ್ಪುಗಳು ನಮಗೆ ಯಾಕೆ? ಕೊತ್ತಂಬರಿ ದಂಟನ್ನು ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಬಾಡಿಸುತ್ತೇನೆ. ದೊಡ್ಡಪತ್ರೆ ಎರಡೇ ಎಲೆ. ಮೂರು ಹಾಕಿದರೆ ಮಕ್ಕಳ ಕೆಮ್ಮಿನ ಕಷಾಯದ ನೆನಪು ಬರುತ್ತೆ.

ಆಲೂಗಡ್ಡೆ ಎರಡು ಕೆಜಿ. ಇದರಲ್ಲಿ ಮೋಸ ಹೋಗಬೇಡಿ. ಆಗತಾನೇ ಕಿತ್ತ, ಉಗುರಿನಲ್ಲಿ ಸಿಪ್ಪೆ ಬಿಡುವ ಹೊಸ ಗಡ್ಡೆ ಪಲ್ಯಕ್ಕೆ ಚೆಂದ, ಇದಕ್ಕೆ ಬೇಡ. ಅದು ಕರಗಲ್ಲ. ಕೋಲ್ಡ್ ಸ್ಟೋರೇಜ್ ಗಡ್ಡೆ ಸಿಹಿ ತಿರುಗಿರುತ್ತೆ, ಜೋಳದ ಸಿಹಿ ಜೊತೆ ಸೇರಿ ಪಾಯಸದ ಹಾಗಾಗುತ್ತೆ. ಕಿತ್ತು ಒಂದು ತಿಂಗಳಾದ, ಕತ್ತಲೆಯಲ್ಲಿ ಹರಡಿಟ್ಟ ಗಡ್ಡೆ ಬೇಕು. ಅರ್ಧ ಇಂಚಿನ ಹೋಳು ಮಾಡಿ ದಿಂಡಿನ ಸಾರಿನಲ್ಲಿ ಬೇಯಿಸಬೇಕು. ಉಪ್ಪು ಈ ಹೊತ್ತಿಗೇ ಹಾಕಿ ಮುಗಿಸಬೇಕು.

ಗಡ್ಡೆ ಬೆಂದ ಮೇಲೆ ಮಸ್ಸೊಪ್ಪು ಮಸೆಯುವ ಕೋಲು ತೆಗೆದುಕೊಳ್ಳುತ್ತೇನೆ. ತಮ್ಮ ಮಿಕ್ಸಿಗೆ ಹಾಕು ಅಂದಿದ್ದ. ಹಾಕಿ ನೋಡಿದೆ, ಆಲೂಗಡ್ಡೆ ಮಿಕ್ಸಿಯಲ್ಲಿ ತಿರುಗಿದರೆ ರಬ್ಬರಿನ ಹಾಗೆ ಎಳೆ ಬಿಡುತ್ತೆ. ಕೋಲಿನಿಂದ ಪಾತ್ರೆಯ ಒಂದೇ ಬದಿಯಲ್ಲಿ ಎಂಟು ಹತ್ತು ಸಲ ಒತ್ತಿ ಮಸೆದರೆ ಸಾಕು. ಕಾಲು ಭಾಗ ಕರಗಬೇಕು, ಮುಕ್ಕಾಲು ಭಾಗ ಹೋಳಾಗಿ ಬಾಯಿಗೆ ಸಿಗಬೇಕು. ಸೌಟು ಎತ್ತಿದರೆ ಅದರ ಬೆನ್ನಿನ ಮೇಲೆ ತೆಳ್ಳಗೆ ಪದರ ನಿಲ್ಲಬೇಕು. ಆಮೇಲೆ ಕಾಳು, ಲೋಟದಲ್ಲಿ ತೆಗೆದಿಟ್ಟ ಜೋಳದ ಹಾಲು, ಕುಟ್ಟಿದ ಮೆಣಸು. ಐದಾರು ನಿಮಿಷ ಕುದಿ. ಅಲ್ಲಿಗೆ ಮನೆಯ ಕೆಲಸ ಮುಗಿಯಿತು.

ಹಸುವಿನ ಹಾಲನ್ನು ಮನೆಯಲ್ಲಿ ಬೆರೆಸುವುದೇ ಇಲ್ಲ. ಇದನ್ನು ಕಲಿಯಲು ನನಗೆ ಆರೇಳು ಪಾತ್ರೆ ಚೌಡರ್ ಖರ್ಚಾಗಿದೆ. ಬೆರೆಸಿ ಹಾಟ್‌ಬಾಕ್ಸ್‌ನಲ್ಲಿ ಮೂರು ಗಂಟೆ ಇಟ್ಟರೆ ಒಡೆಯದಿದ್ದರೂ ಹುಳಿ ವಾಸನೆ ಹಿಡಿಯುತ್ತೆ. ಸಾರು ಬೇರೆ ಕೊಂಡೊಯ್ಯುತ್ತೇನೆ, ಹಾಲು ಬೇರೆ. ಗಾಡಿಯಲ್ಲಿ ಎರಡು ಒಲೆ. ಒಂದರ ಮೇಲೆ ಸಾರು ಕುದಿಯುತ್ತಿರುತ್ತೆ, ಇನ್ನೊಂದರ ಮೇಲೆ ಹಾಲು ಬಿಸಿಯಾಗಿರುತ್ತೆ. ಹತ್ತು ಹದಿನೈದು ಕಪ್ಪಿಗೆ ಆಗುವಷ್ಟು ಸಾರನ್ನು ಸಣ್ಣ ಪಾತ್ರೆಗೆ ತೆಗೆದು, ಉರಿ ಆರಿಸಿ, ಅದರ ಒಂದು ಸೌಟು ಸಾರನ್ನು ಮೊದಲು ಹಾಲಿಗೆ ಬಿಡುತ್ತೇನೆ. ಆಮೇಲೆ ಆ ಹಾಲನ್ನು ಸಾರಿಗೆ. ಮತ್ತೆ ಕುದಿಸುವುದಿಲ್ಲ. ಖಾಲಿಯಾದರೆ ಇನ್ನೊಂದು ಸಲ ಬೆರೆಸುವುದು. ಒಂದು ಪಾತ್ರೆ ಸಾರಿಗೆ ನಾಲ್ಕು ಲೀಟರ್ ಗಟ್ಟಿ ಹಾಲು. ಗಿರಾಕಿ ಬರದಿದ್ದರೆ ಹಾಲು ಹಾಲಾಗಿಯೇ ಉಳಿಯುತ್ತೆ, ಟೀಗೆ ಆಗುತ್ತೆ. ನಷ್ಟ ನಿಂತದ್ದು ಇಲ್ಲಿ.

ಲೆಕ್ಕ ಕೇಳುವವರಿಗೆ, ಒಂದು ಪಾತ್ರೆಗೆ ರೂಪಾಯಿಯಲ್ಲಿ: ತೆನೆ 120, ಹಾಲು 200, ಆಲೂಗಡ್ಡೆ ಈರುಳ್ಳಿ ಸೇರಿ 85, ಬೆಣ್ಣೆ 90, ಗ್ಯಾಸ್ 50, ಕಪ್ ಮತ್ತು ಚಮಚ ಸೇರಿ 135, ಬಿಸ್ಕತ್ತು 90, ಉಪ್ಪು ಮೆಣಸು ಚಿಲ್ಲರೆ 30. ಹತ್ತಿರ ಹತ್ತಿರ 800. ಇದರಲ್ಲಿ 200 ಮಿಲಿಯ 45 ಕಪ್ ಬರುತ್ತೆ. ಕಪ್ಪಿಗೆ 18 ರೂಪಾಯಿ ಖರ್ಚು, ಮಾರುವುದು 50ಕ್ಕೆ. ನಮ್ಮಿಬ್ಬರ ಕೂಲಿ ಇದರಲ್ಲಿ ಸೇರಿಲ್ಲ. ಬೋರ್ಡಿನಲ್ಲಿ ಮೊದಲು 'ಸೂಪ್' ಅಂತ ಬರೆಸಿದ್ದೆ. 30ಕ್ಕೆ ಕೊಡಿ ಅಂತ ಚೌಕಾಸಿ ಮಾಡುತ್ತಿದ್ದರು. 'ಜೋಳದ ಚೌಡರ್' ಅಂತ ಬದಲಾಯಿಸಿದ ಮೇಲೆ ನಿಂತು ಏನದು ಅಂತ ಕೇಳುತ್ತಾರೆ. ಒಂದು ಚಮಚ ರುಚಿಗೆ ಕೊಡುತ್ತೇನೆ. ರುಚಿ ನೋಡಿ ಹಾಗೇ ಹೋದವರು ಕಮ್ಮಿ.

ಬಿಸ್ಕತ್ತು ಅಂದೆನಲ್ಲ, ಅದು ಬೇಕರಿಯ ಖಾರ ಬಿಸ್ಕತ್ತು. ಹಡಗಿನ ಬಿಸ್ಕತ್ತಿನ ಜಾಗದಲ್ಲಿ ಇದನ್ನು ಕೂರಿಸಿದ್ದು ನಾನೇ. ಎರಡು ಬಿಸ್ಕತ್ತನ್ನು ಕೈಯಲ್ಲಿ ಮುರಿದು ಮೇಲೆ ಉದುರಿಸಿದರೆ ಹಸಿಮೆಣಸಿನಕಾಯಿ, ಕರಿಬೇವಿನ ವಾಸನೆ ಹಾಲಿನ ಬಿಸಿಗೆ ಏಳುತ್ತೆ. ಯಾವ ಬೇಕರಿ ಅಂತ ಕೇಳಬೇಡಿ.

ಬೇರೆ ಪ್ರಯೋಗಗಳೂ ಆದವು. ರಾಗಿ ಹಿಟ್ಟು ಕಲಸಿ ಗಟ್ಟಿ ಮಾಡಿ ನೋಡಿದೆ. ರುಚಿ ಪರವಾಗಿಲ್ಲ, ಬಣ್ಣ ಕೆರೆಯ ನೀರಿನದು. ಒಬ್ಬರೂ ಮುಟ್ಟಲಿಲ್ಲ. ಟೊಮೆಟೊ ಬೆಲೆ ಬಿದ್ದು ರೈತರು ರಸ್ತೆಗೆ ಸುರಿಯುವ ದಿನಗಳಲ್ಲಿ ಅದನ್ನೂ ಹಾಕೋಣ ಅನ್ನಿಸಿತು. ಮ್ಯಾನ್‌ಹ್ಯಾಟನ್ ಚೌಡರ್ ಅಂತ ಒಂದಿದೆ, ಟೊಮೆಟೊ ಹಾಕಿ ಮಾಡುವುದು. ಅದಕ್ಕೆ ಹಾಲು ಹಾಕುವುದಿಲ್ಲ ಅನ್ನೋದು ನನಗೆ ತಿಳಿದಿರಲಿಲ್ಲ. ಎರಡನ್ನೂ ಸೇರಿಸಿ ಮತ್ತೆ ಮೂರು ಲೀಟರ್ ಹಾಲು ಕಳೆದೆ. ಹಾಲಿಲ್ಲದೆ ಮಾಡಿದಾಗ ರುಚಿ ಬಂತು. ಆದರೆ "ಇದು ಟೊಮೆಟೊ ಸಾರು ಅಲ್ವಾ ಅಕ್ಕ?" ಅಂತ ಗಿರಾಕಿಗಳು ಕೇಳಿದರು. ನಮ್ಮ ಸೀಮೆಯಲ್ಲಿ ಟೊಮೆಟೊ ಸಾರಿಗೆ 50 ರೂಪಾಯಿ ಯಾರೂ ಕೊಡಲ್ಲ.

ಗೆದ್ದಿದ್ದು ಹಿತಕಿದ ಬೇಳೆ. ಡಿಸೆಂಬರ್, ಜನವರಿಯಲ್ಲಿ ಸೊನೆ ಅವರೆಕಾಯಿ ಬರುತ್ತಲ್ಲ, ಆಗ ಜೋಳ ಅರ್ಧ ಮಾಡಿ ಉಳಿದರ್ಧಕ್ಕೆ ಹಿತಕಿದ ಬೇಳೆ ಹಾಕಿದೆ. ಬೇಳೆಯನ್ನು ಬೇರೆ ಬೇಯಿಸಿ, ಕಾಳಿನ ಜೊತೆಯಲ್ಲೇ ಸೇರಿಸಬೇಕು. ಇಲ್ಲವಾದರೆ ಮಸೆಯುವಾಗ ಪುಡಿಯಾಗುತ್ತೆ. ಸೊನೆಯ ಘಮ ಬೆಣ್ಣೆ ಜೊತೆ ಸೇರಿದರೆ ಪಕ್ಕದ ಗಾಡಿಯವರೂ ತಲೆ ಎತ್ತಿ ನೋಡುತ್ತಾರೆ. ಇದನ್ನು 70ಕ್ಕೆ ಮಾರಿದೆ. ಆದರೆ ಕಾಳು ನೆನೆಸಿ ಹಿತಕಲು ಕೈ ಬೇಕು. ಎರಡು ಕೆಜಿ ಕಾಳು ಹಿತಕಿದವರು ನಮ್ಮತ್ತೆ, ಟಿವಿ ಮುಂದೆ ಕೂತು. ಹಾಲಿಗೆ ಉಪ್ಪಾ ಅಂತ ಕೇಳಿದ ಅವರೇ ಸೋಮವಾರ ಉಳಿದ ಸಾರನ್ನು ಬಿಸಿ ಮಾಡಿಸಿಕೊಂಡು ಮುದ್ದೆ ಮುರಿದು ಅದ್ದಿದರು. "ಸ್ವಲ್ಪ ತೆಳ್ಳಗಿದ್ದರೆ ಮುದ್ದೆಗೆ ಇನ್ನೂ ಚೆನ್ನಾಗಿರುತ್ತೆ ಕಣಮ್ಮ" ಅಂದರು. ಅವರಿಗಾಗಿ ಈಗ ಒಂದು ಚೊಂಬು ಬೇರೆ ತೆಗೆದಿಡುತ್ತೇನೆ, ದಿಂಡಿನ ಸಾರು ಜಾಸ್ತಿ ಬೆರೆಸಿ.

ತಮ್ಮ ಈಗ ಊರಲ್ಲೇ ಕೇಟರಿಂಗ್ ಮಾಡುತ್ತಿದ್ದಾನೆ. ಹೋದ ತಿಂಗಳು ಒಂದು ನಿಶ್ಚಿತಾರ್ಥಕ್ಕೆ 200 ಜನರಿಗೆ ಚೌಡರ್ ಬೇಕು ಅಂತ ಬಂದ. ಮೈದಾ ಮಾತೇ ಎತ್ತಲಿಲ್ಲ. ದೊಡ್ಡ ಹಂಡೆಯಲ್ಲಿ ಒಂದೇ ಸಲ ಮಾಡೋಣ ಅಂದ. ನಾನು ಒಪ್ಪಲಿಲ್ಲ. ಹಂಡೆಯಲ್ಲಿ ತಳ ಹಿಡಿಯುತ್ತೆ, ಮಸೆಯುವ ಕೋಲು ತಳ ಮುಟ್ಟಲ್ಲ. ಐದು ಪಾತ್ರೆ ಹೂಡಿದೆವು, ಒಂದೊಂದಕ್ಕೂ 12 ತೆನೆ. ಹಾಲು ಬೆರೆಸುವ ಹೊತ್ತಿಗೆ ಅವನು ಸೌಟು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ನಿಂತ.