ಶಿಕಾಗೋದಲ್ಲಿ ಮೊದಲು ಸ್ಟೇಷನ್, ಆಮೇಲೆ ರೂಮು

ಶಿಕಾಗೋಗೆ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ: "ಯಾವ ಹೋಟೆಲ್ ಚೆನ್ನಾಗಿದೆ?" ನಾನು ಹೋಟೆಲ್ ಹೆಸರು ಹೇಳುವುದಿಲ್ಲ. ಯಾವ ರೈಲು ಸ್ಟೇಷನ್ ಹತ್ತಿರ ಇಳಿದುಕೊಳ್ಳಬೇಕು ಅಂತ ಹೇಳುತ್ತೇನೆ. ಆಫೀಸ್ ಕೆಲಸಕ್ಕೆ ಅಲ್ಲಿಗೆ ಹೋಗಿ ಬರುತ್ತಾ, ಒಮ್ಮೆ ಅಮ್ಮನನ್ನೂ ಕರೆದುಕೊಂಡು ಹೋಗಿ ಊರೆಲ್ಲ ಸುತ್ತಿಸಿದ ಮೇಲೆ ನಾನು ರೂಮು ಹುಡುಕುವುದು ಹೀಗೇ. ಮೊದಲು ರೈಲಿನ ನಕ್ಷೆ, ಆಮೇಲೆ ಬಾಡಿಗೆ. ಕಾರಿಲ್ಲದೆ ಆರಾಮಾಗಿ ಓಡಾಡಬಹುದಾದ ಊರುಗಳು ಅಮೆರಿಕದಲ್ಲಿ ಕಡಿಮೆ. ಶಿಕಾಗೋ ಅಂಥದ್ದೊಂದು. ಇಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡರೆ ಪಾರ್ಕಿಂಗಿಗೆ ದುಡ್ಡು ಸುರಿಯುವುದೇ ಕೆಲಸ.

ಓಹೇರ್ ವಿಮಾನ ನಿಲ್ದಾಣದ ಕೆಳಗೇ ಬ್ಲೂ ಲೈನ್ ಅನ್ನುವ ರೈಲು ಮಾರ್ಗ ಶುರುವಾಗುತ್ತದೆ. ಹಗಲು ರಾತ್ರಿ ಓಡುತ್ತದೆ. ಮುಕ್ಕಾಲು ಗಂಟೆಯಲ್ಲಿ ಲೂಪ್ ತಲುಪಬಹುದು. ಲೂಪ್ ಅಂದರೆ ಊರಿನ ನಡುಭಾಗ. ನಾನು ಹೋಗಿದ್ದಾಗ ಓಹೇರ್‌ನಲ್ಲಿ ಹತ್ತಿದರೆ 5 ಡಾಲರ್, ಬೇರೆ ಸ್ಟೇಷನ್‌ಗಳಲ್ಲಿ 2.50 ಇತ್ತು. ಒಂದು ದಿನದ ಪಾಸಿಗೂ ಆಗ 5 ಡಾಲರೇ. ಹಾಗಿದ್ದ ಮೇಲೆ ಬರೀ ಒಂದು ಟಿಕೆಟ್ ಯಾಕೆ ತಗೋಬೇಕು, ಅಲ್ವಾ? ದರ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ವೆಂಟ್ರಾ ಅನ್ನುವ ಕಾರ್ಡು ಬಸ್ಸಿಗೂ ರೈಲಿಗೂ ನಡೆಯುತ್ತದೆ. ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಇದ್ದರೆ ಅದನ್ನೂ ನೇರ ಗೇಟಿಗೆ ಹಿಡಿಯಬಹುದು. ಮಿಡ್‌ವೇ ಅನ್ನುವ ಇನ್ನೊಂದು ವಿಮಾನ ನಿಲ್ದಾಣಕ್ಕೆ ಇಳಿದವರಿಗೆ ಆರೆಂಜ್ ಲೈನ್ ಇದೆ.

ಈ ಊರಿನ ವಿಳಾಸದ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಫೋನ್ ಬೇಕಾಗುವುದೇ ಅಪರೂಪ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಸೇರುವ ಜಾಗವೇ ಸೊನ್ನೆ. ಅಲ್ಲಿಂದ ಉತ್ತರಕ್ಕೋ ಪಶ್ಚಿಮಕ್ಕೋ ಹೋದಂತೆ ಮೈಲಿಗೆ 800ರಂತೆ ನಂಬರ್ ಏರುತ್ತದೆ. ಫುಲರ್ಟನ್ ರಸ್ತೆ 2400 ನಾರ್ತ್, ಅಂದರೆ ಮ್ಯಾಡಿಸನ್‌ನಿಂದ ಮೂರು ಮೈಲಿ. ಡೆವಾನ್ 6400 ನಾರ್ತ್, ಎಂಟು ಮೈಲಿ. ರೂಮಿನ ವಿಳಾಸ ನೋಡಿದ ಕೂಡಲೇ ಎಷ್ಟು ದೂರ ಅಂತ ಬಾಯಿಲೆಕ್ಕದಲ್ಲೇ ಹೇಳಬಹುದು. ಸರೋವರ ಯಾವಾಗಲೂ ಪೂರ್ವಕ್ಕೆ. ದಿಕ್ಕು ತಪ್ಪಿದರೆ ಮಿಶಿಗನ್ ಸರೋವರ ಯಾವ ಕಡೆ ಅಂತ ಯಾರನ್ನಾದರೂ ಕೇಳಿದರಾಯಿತು.

ಗೊಂದಲ ಆಗುವುದು ಸ್ಟೇಷನ್ ಹೆಸರುಗಳಲ್ಲಿ. ಅಡ್ಡ ಹಾಯುವ ರಸ್ತೆಯ ಹೆಸರನ್ನೇ ಸ್ಟೇಷನ್ನಿಗೂ ಇಟ್ಟುಬಿಟ್ಟಿದ್ದಾರೆ. ವೆಸ್ಟರ್ನ್ ಅನ್ನುವುದು ಉದ್ದಾನುದ್ದದ ರಸ್ತೆ. ಹಾಗಾಗಿ ವೆಸ್ಟರ್ನ್ ಅನ್ನುವ ಸ್ಟೇಷನ್‌ಗಳು ಐದಿವೆ, ಅದರಲ್ಲಿ ಎರಡು ಬ್ಲೂ ಲೈನಿನಲ್ಲೇ! "ವೆಸ್ಟರ್ನ್ ಸ್ಟೇಷನ್‌ನಿಂದ ಐದು ನಿಮಿಷ" ಅಂತ ರೂಮಿನ ಜಾಹೀರಾತಿನಲ್ಲಿ ಕಂಡರೆ ಯಾವ ಬಣ್ಣದ ಲೈನು, ಯಾವ ಕಡೆಯದು ಅಂತ ಕೇಳದೆ ದುಡ್ಡು ಕಟ್ಟಬೇಡಿ.

ಈಗ ರೂಮಿನ ವಿಷಯ. ಲೂಪ್‌ನಲ್ಲಿ ಉಳಿದುಕೊಂಡರೆ ಅನುಕೂಲ ಜಾಸ್ತಿ, ಖರ್ಚೂ ಜಾಸ್ತಿ. ಹೋಟೆಲ್ ತೆರಿಗೆಗಳೆಲ್ಲ ಸೇರಿ ಬಾಡಿಗೆಯ ಮೇಲೆ 17 ಪರ್ಸೆಂಟಿಗೂ ಮೇಲೆ ಬೀಳುತ್ತದೆ. ಜೊತೆಗೆ ಚೆಕ್-ಇನ್ ಮಾಡುವಾಗ ಕಾರ್ಡಿನಲ್ಲಿ ಒಂದಿಷ್ಟು ಡಿಪಾಸಿಟ್ ಹಿಡಿಯುತ್ತಾರೆ. ಫಾರೆಕ್ಸ್ ಕಾರ್ಡಿನಲ್ಲಿ ಅಳೆದು ತೂಗಿ ದುಡ್ಡು ಹಾಕಿಕೊಂಡು ಹೋಗುವ ನಮ್ಮಂಥವರಿಗೆ ಇದು ನೆನಪಿರಬೇಕು. ಎಲ್ಲಕ್ಕಿಂತ ಮುಖ್ಯ ತಾರೀಕು. ಮೆಕಾರ್ಮಿಕ್ ಪ್ಲೇಸ್‌ನಲ್ಲಿ ದೊಡ್ಡ ಸಮ್ಮೇಳನ ಇದ್ದರೆ ಊರಿನ ಬಾಡಿಗೆಯೆಲ್ಲ ಮೇಲೇರುತ್ತದೆ. ಬೇಸಿಗೆಯಲ್ಲಿ ಗ್ರ್ಯಾಂಟ್ ಪಾರ್ಕಿನ ಲೊಲಾಪಲೂಝಾ ಸಂಗೀತ ಉತ್ಸವದ ವಾರವೂ ಹಾಗೇ. ಒಂದು ವಾರ ಆಚೆ ಈಚೆ ಮಾಡಿಕೊಂಡರೆ ಅದೇ ರೂಮು ಎಷ್ಟೋ ಕಡಿಮೆಗೆ ಸಿಗುತ್ತದೆ.

ಲೂಪ್‌ನ ರೈಲು ನೆಲದಡಿ ಮಾತ್ರ ಅಲ್ಲ, ರಸ್ತೆಯ ಮೇಲೆ ಕಬ್ಬಿಣದ ಕಂಬಗಳ ಮೇಲೂ ಓಡುತ್ತದೆ. ವಬಾಶ್, ವೆಲ್ಸ್, ಲೇಕ್, ವ್ಯಾನ್ ಬ್ಯೂರೆನ್ ಈ ನಾಲ್ಕು ರಸ್ತೆಗಳ ಕಡೆಗೆ ಕಿಟಕಿ ಇರುವ ಕೆಳಗಿನ ಅಂತಸ್ತಿನ ರೂಮು ಕೊಟ್ಟರೆ ಬೇಡ ಅನ್ನಿ. ರೈಲು ತಿರುಗುವಾಗ ಚಕ್ರ ಕಿರ್ರೋ ಅನ್ನುತ್ತದೆ. ಮಂಚದ ಪಕ್ಕದ ಲೋಟದ ನೀರು ಕೂಡ ನಡುಗುತ್ತದೆ. "ಮೇಲಿನ ಅಂತಸ್ತು, ಹಿಂಭಾಗ" ಅಂತ ಕೌಂಟರಿನಲ್ಲಿ ನಗುತ್ತಾ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ನನಗೆ ಇಷ್ಟವಾದದ್ದು ಫುಲರ್ಟನ್, ಬೆಲ್ಮಾಂಟ್ ಸ್ಟೇಷನ್‌ಗಳ ಸುತ್ತಮುತ್ತ. ರೆಡ್ ಲೈನ್, ಬ್ರೌನ್ ಲೈನ್ ಎರಡೂ ಒಂದೇ ಕಡೆ ಸಿಗುತ್ತವೆ, ರೆಡ್ ಲೈನ್ ರಾತ್ರಿಯಿಡೀ ಇರುತ್ತದೆ. ಮರಗಳಿರುವ ಬೀದಿ, ದಿನಸಿ ಅಂಗಡಿ, ಲಾಂಡ್ರಿ ಎಲ್ಲ ಕಾಲ್ನಡಿಗೆಯಲ್ಲಿ. ಲಿಂಕನ್ ಪಾರ್ಕ್ ಮೃಗಾಲಯ ಹತ್ತಿರವೇ, ಟಿಕೆಟ್ಟೂ ಇಲ್ಲ. ಇಲ್ಲಿ ಮನೆ ಬಾಡಿಗೆಗೆ ಹಿಡಿಯುವವರು ಎರಡು ವಿಷಯ ನೋಡಿ. ಜಾಹೀರಾತಿನಲ್ಲಿ ನಗರಾಡಳಿತ ಕೊಟ್ಟ ನೋಂದಣಿ ನಂಬರ್ ಇರಬೇಕು. ಇನ್ನೊಂದು ಮೆಟ್ಟಿಲು. ಇಟ್ಟಿಗೆಯ ಹಳೇ ಮೂರಂತಸ್ತಿನ ಮನೆಗಳಲ್ಲಿ ಲಿಫ್ಟ್ ಇರುವುದಿಲ್ಲ. 23 ಕಿಲೋ ಸೂಟ್‌ಕೇಸ್ ಎರಡನ್ನು ಮೂರನೇ ಅಂತಸ್ತಿಗೆ ನೀವೇ ಹೊರಬೇಕು.

ಮಂಡಿ ನೋವಿನ ಅಮ್ಮ ಜೊತೆಗಿದ್ದಾಗ ಸ್ಟೇಷನ್‌ಗಳ ಮೆಟ್ಟಿಲೂ ನನ್ನ ಕಣ್ಣಿಗೆ ಬಿತ್ತು. ಎಲ್ಲ ಸ್ಟೇಷನ್‌ಗಳಲ್ಲೂ ಲಿಫ್ಟ್ ಇಲ್ಲ. ಇರುವ ಕಡೆ ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತು ಹಾಕಿರುತ್ತಾರೆ. ಅಮ್ಮನಿಗೆ ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಮಾತಾಡಿದ ಜಾಗ ನೋಡಲೇಬೇಕಿತ್ತು. ಅದು ಈಗ ಮಿಶಿಗನ್ ಅವೆನ್ಯೂದ ಆರ್ಟ್ ಇನ್‌ಸ್ಟಿಟ್ಯೂಟ್ ಮ್ಯೂಸಿಯಂ. ಹತ್ತಿರದ ಸ್ಟೇಷನ್ ಆಡಮ್ಸ್, ಆದರೆ ಅಲ್ಲಿ ಲಿಫ್ಟ್ ಇಲ್ಲ. 2017ರಲ್ಲಿ ವಬಾಶ್ ರಸ್ತೆಯ ಮೇಲೆ ತೆರೆದ, ಲಿಫ್ಟ್ ಇರುವ ವಾಷಿಂಗ್ಟನ್ ಸ್ಟೇಷನ್‌ನಲ್ಲಿ ಇಳಿದು ನಿಧಾನಕ್ಕೆ ನಡೆದೆವು. "ಇಷ್ಟು ದೊಡ್ಡ ಊರು, ನಮ್ಮ ಮೆಜೆಸ್ಟಿಕ್ ಮೆಟ್ರೋದಲ್ಲಿ ಇರುವ ಲಿಫ್ಟ್ ಇಲ್ಲಿಗಿಲ್ವೇನೋ?" ಅಂದರು ಅಮ್ಮ. ಎದುರಿನ ಕಂಬದಲ್ಲಿ ಸ್ವಾಮಿ ವಿವೇಕಾನಂದ ವೇ ಅನ್ನುವ ಕಂದು ಬಣ್ಣದ ಫಲಕ ಕಂಡ ಮೇಲೆ ಸುಮ್ಮನಾದರು.

ಚಳಿಗಾಲದಲ್ಲಿ ಪ್ಲಾಟ್‌ಫಾರಂ ಮೇಲೆ ನಿಲ್ಲುವುದೇ ಒಂದು ಕೆಲಸ. ಹೀಟರ್ ದೀಪಗಳಿರುವ ಗೂಡು ಇರುತ್ತದೆ, ಗುಂಡಿ ಒತ್ತಿದರೆ ಕೆಂಪಗೆ ಹೊತ್ತಿಕೊಳ್ಳುತ್ತದೆ. ಗುರುತಿಲ್ಲದ ಹತ್ತು ಜನ ಭುಜಕ್ಕೆ ಭುಜ ತಾಗಿಸಿ ಅದರಡಿ ನಿಲ್ಲುತ್ತಾರೆ. ನೆತ್ತಿ ಬಿಸಿ, ಕಾಲು ಮಾತ್ರ ಮರಗಟ್ಟುತ್ತದೆ. ಉಣ್ಣೆಯ ಕಾಲುಚೀಲಕ್ಕೆ ದುಡ್ಡು ಹಾಕಿ, ಟೋಪಿಗಲ್ಲ.

ತಡರಾತ್ರಿ ರೈಲಿನಲ್ಲಿ ನಾನು ಮೊದಲ ಬೋಗಿಯಲ್ಲೇ ಕೂರುವುದು, ಚಾಲಕರು ಅಲ್ಲೇ ಇರುತ್ತಾರೆ. ಸೀಟಿನ ಮೇಲೆ ಮಲಗಿದವರು, ಸಿಗರೇಟು ವಾಸನೆ ಎರಡೂ ಇರುತ್ತವೆ. ಹೆದರಿಕೆ ಆದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಬೋಗಿ ಬದಲಿಸಿ. ಟ್ಯಾಕ್ಸಿ ಕರೆಯುವುದಾದರೆ ನದಿಯ ಪಕ್ಕದ ವ್ಯಾಕರ್ ಡ್ರೈವ್ ಬಿಟ್ಟು ಒಂದು ಬೀದಿ ಒಳಗೆ ನಿಲ್ಲಿ. ಆ ರಸ್ತೆ ಒಂದರ ಮೇಲೊಂದು ಅಂತಸ್ತಿನಲ್ಲಿದೆ. ನಾವು ಮೇಲೆ ಕಾಯುತ್ತಿದ್ದರೆ ಗಾಡಿ ನಮ್ಮ ಕಾಲ ಕೆಳಗೇ ಬಂದು ನಿಂತು, ಕಾದು, ಹೊರಟೇಬಿಡುತ್ತದೆ.

ಊಟಕ್ಕೆ ಡೆವಾನ್. ರೆಡ್ ಲೈನಿನ ಮೋರ್ಸ್‌ನಲ್ಲಿ ಇಳಿದು 155ನೇ ಬಸ್ಸು ಹಿಡಿದರೆ ವೆಸ್ಟರ್ನ್ ರಸ್ತೆ ದಾಟಿದ ಮೇಲೆ ಸೀರೆ ಅಂಗಡಿ, ಮಿಠಾಯಿ ಅಂಗಡಿಗಳ ಸಾಲು. ಭಾರತದ ದಿನಸಿ ಮಾರುವ ಪಟೇಲ್ ಬ್ರದರ್ಸ್‌ನವರು 1974ರಲ್ಲಿ ಮೊದಲ ಅಂಗಡಿ ತೆರೆದದ್ದು ಈ ರಸ್ತೆಯಲ್ಲೇ. ಅವಲಕ್ಕಿ, ರವೆ, ಮೊಸರು ತಂದಿಟ್ಟುಕೊಂಡರೆ ರೂಮಿನಲ್ಲಿ ಬೆಳಗಿನ ತಿಂಡಿಯ ಚಿಂತೆ ಇಲ್ಲ.

ಕೊನೆಯ ರಾತ್ರಿಗೆ, ವಿಮಾನ ಬೆಳಿಗ್ಗೆ ಬೇಗ ಇದ್ದರೆ, ರೋಸ್‌ಮಾಂಟ್‌ಗೆ ಹೋಗುತ್ತೇನೆ. ಓಹೇರ್‌ಗೆ ಒಂದೇ ಸ್ಟೇಷನ್ ದೂರ, ಹೋಟೆಲ್‌ಗಳು ಸಾಲಾಗಿವೆ, ಎಷ್ಟೋ ಹೋಟೆಲ್‌ಗಳು ವಿಮಾನ ನಿಲ್ದಾಣಕ್ಕೆ ಉಚಿತವಾಗಿ ವ್ಯಾನ್ ಬಿಡುತ್ತವೆ. ಬ್ಲೂ ಲೈನಿನಲ್ಲಿ ಹೋಗುವವರು ಇಷ್ಟು ನೋಡಿಕೊಳ್ಳಿ: ಸ್ಟೇಷನ್‌ನಿಂದ ಒಂದು, ಎರಡು, ಮೂರನೇ ಟರ್ಮಿನಲ್‌ಗಳಿಗೆ ನಡೆದೇ ಹೋಗಬಹುದು. ವಿದೇಶಿ ವಿಮಾನಗಳಲ್ಲಿ ಹೆಚ್ಚಿನವು ಹೊರಡುವ ಐದನೇ ಟರ್ಮಿನಲ್‌ಗೆ ಮಾತ್ರ ಅಲ್ಲಿನ ಪುಟ್ಟ ರೈಲು ಹತ್ತಬೇಕು. ಅದಕ್ಕೆ ದುಡ್ಡಿಲ್ಲ, ಆದರೆ ಅರ್ಧ ಗಂಟೆ ಕೈಯಲ್ಲಿ ಇಟ್ಟುಕೊಂಡೇ ಹೊರಡಿ.