ಕ್ಯಾಸಿನೊ ಮೇಜಿಗೆ ಕೂರುವ ಮೊದಲು ಲೆಕ್ಕ ನೋಡುವ ಬಗೆ

ಕಾಫಿ ಕೊಯ್ಲು ಮುಗಿದು ಚೆರ್ರಿ ಮಾರಿದ ಹಣ ಕೈಸೇರಿದ ಮೇಲೆ ಸಕಲೇಶಪುರ, ಮೂಡಿಗೆರೆಗಳ ಕಡೆಯಿಂದ ಗೆಳೆಯರು ಗುಂಪು ಕಟ್ಟಿಕೊಂಡು ಗೋವಾಕ್ಕೆ ಹೋಗುವುದುಂಟು. ಕಳೆದುಕೊಂಡು ಬಂದವರು ಅಲ್ಲಿ ಮೋಸ ನಡೆಯುತ್ತದೆಯೇ ಎಂದು ಕೇಳುತ್ತಾರೆ. ಕ್ಯಾಸಿನೊದ ಲಾಭ ಆಟದ ನಿಯಮದಲ್ಲಿಯೇ ಅಡಗಿರುವುದರಿಂದ ಅದಕ್ಕೆ ಮೋಸದ ಅಗತ್ಯವೇ ಇಲ್ಲ. ಆ ಲಾಭ ಎಷ್ಟೆಂಬುದನ್ನು ಆಡುವವನು ಮೊದಲೇ ತಿಳಿಯಬಲ್ಲನೇ ಎಂಬುದೇ ಸರಿಯಾದ ಪ್ರಶ್ನೆ. ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ) ತೆಗೆಸದೆ, ತೇವಾಂಶ ನೋಡದೆ ಒಂದು ಚೀಲವನ್ನೂ ಮಾರದ ನಮ್ಮ ಬೆಳೆಗಾರರಿಗೆ ಈ ಲೆಕ್ಕ ಕಷ್ಟವಲ್ಲ.

ಸಂಖ್ಯೆಗಳಿರುವ ಚಕ್ರ ತಿರುಗಿಸಿ ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೆಂದು ಪಣ ಕಟ್ಟುವ ರೂಲೆಟ್‌ನಿಂದ ಆರಂಭಿಸಿ. ಚಕ್ರದಲ್ಲಿ ಎಷ್ಟು ಸೊನ್ನೆಗಳಿವೆ ಎಂದು ಮೊದಲು ನೋಡಬೇಕು. ಒಂದೇ ಸೊನ್ನೆಯ ಚಕ್ರದಲ್ಲಿ 37 ಮನೆಗಳಿರುತ್ತವೆ. ಪ್ರತಿ ಮನೆಗೂ 100 ರೂಪಾಯಿಯಂತೆ 3,700 ಇಟ್ಟರೆ, ಯಾವ ಸಂಖ್ಯೆ ಬಂದರೂ ಗೆದ್ದ ಮನೆಗೆ 35 ಪಟ್ಟು ಮತ್ತು ಇಟ್ಟ 100 ಸೇರಿ 3,600 ಮಾತ್ರ ಮರಳುತ್ತದೆ. ಉಳಿದ 100, ಅಂದರೆ ಶೇ 2.7, ಕ್ಯಾಸಿನೊದ ಪಾಲು. ಎರಡು ಸೊನ್ನೆಗಳಿದ್ದರೆ ಅದು ಶೇ 5.26ಕ್ಕೆ ಏರುತ್ತದೆ. ಈ ಪಾಲು ನೀವು ಜೇಬಿನಲ್ಲಿ ಒಯ್ದ ಹಣದ ಮೇಲಲ್ಲ, ಪ್ರತಿ ಸಲ ಇಟ್ಟ ಪಣದ ಮೇಲೆ ಬೀಳುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗಂಟೆಗೆ 40 ಸಲ 500 ರೂಪಾಯಿಯಂತೆ ಆಡಿದರೆ ಪಣ 20,000 ಆಗಿ, ಸರಾಸರಿ ನಷ್ಟ ಗಂಟೆಗೆ 540 ರೂಪಾಯಿಯಾಗುತ್ತದೆ. ನಿಧಾನವಾಗಿ ಆಡಿದವನ ಹಣ ಹೆಚ್ಚು ಹೊತ್ತು ಉಳಿಯುವುದು ಇದರಿಂದಲೇ.

ನಮ್ಮ ಹಬ್ಬಗಳಲ್ಲಿ ಎಲ್ಲರೂ ಕಂಡ ಅಂದರ್-ಬಾಹರ್ ಬಗ್ಗೆ ಇನ್ನೂ ಎಚ್ಚರ ಬೇಕು, ಏಕೆಂದರೆ ಪರಿಚಿತ ಆಟವೆಂದು ಯಾರೂ ನಿಯಮ ಓದುವುದಿಲ್ಲ. ಮೊದಲ ಎಲೆ ಬೀಳುವ ಬದಿ ನೂರಕ್ಕೆ ಸುಮಾರು 51.5 ಸಲ ಗೆಲ್ಲುವುದರಿಂದ ಆ ಬದಿಗೆ ಕಡಿಮೆ ಹಣ ಕೊಡುವ ಪದ್ಧತಿಯಿದೆ. ಗೆದ್ದ 100 ರೂಪಾಯಿ ಪಣಕ್ಕೆ 90 ಕೊಟ್ಟರೆ ಕ್ಯಾಸಿನೊದ ಪಾಲು ಸುಮಾರು ಶೇ 2. 80 ಕೊಟ್ಟರೆ ಅದೇ ಪಾಲು ಶೇ 7 ದಾಟುತ್ತದೆ. ಬ್ಲ್ಯಾಕ್‌ಜ್ಯಾಕ್ ಎಂಬ ಎಲೆಯಾಟದಲ್ಲಿ ಮೊದಲ ಎರಡು ಎಲೆಗಳಲ್ಲೇ 21 ಬಿದ್ದಾಗ 100ಕ್ಕೆ 150 ಕೊಡುವ ಮೇಜೋ, 120 ಕೊಡುವ ಮೇಜೋ ಎಂದೂ ಕೇಳಿ. ಬ್ಯಾಂಕರ್, ಪ್ಲೇಯರ್ ಎಂಬ ಎರಡು ಬದಿಗಳ ಎಲೆಯಾಟವಾದ ಬಾಕರಾದಲ್ಲಿ ಬ್ಯಾಂಕರ್ ಕಡೆಗೆ ಪಾಲು ಶೇ 1.06 ಇದ್ದರೆ, ಎಂಟು ಪಟ್ಟು ಕೊಡುವ ಟೈ (ಎರಡೂ ಬದಿ ಸಮ ಬರುವುದು) ಮೇಲೆ ಅದು ಶೇ 14ಕ್ಕೂ ಹೆಚ್ಚು, ಟೈ ಮುಟ್ಟಲೇಬೇಡಿ.

ಹಣ ಕೊಡುವ ಮೊದಲೇ ಕೌಂಟರಿನಲ್ಲಿ, 10,000 ರೂಪಾಯಿಗೆ ಎಷ್ಟು ಮೌಲ್ಯದ ಚಿಪ್ಸ್ (ಹಣದ ಬದಲು ಮೇಜಿನಲ್ಲಿ ಇಡುವ ಬಿಲ್ಲೆಗಳು) ಬರುತ್ತವೆ, ಜಿಎಸ್‌ಟಿಯನ್ನು ಯಾರು ಭರಿಸುತ್ತಾರೆ ಎಂದು ಕೇಳಿ. 2023ರ ಅಕ್ಟೋಬರ್ 1ರಿಂದ ಚಿಪ್ಸ್ ಕೊಳ್ಳುವ ಪೂರ್ಣ ಮೊತ್ತದ ಮೇಲೆ ಶೇ 28 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಪ್ರವೇಶದ ಪ್ಯಾಕೇಜಿನಲ್ಲಿ ಬರುವ, ಒಂದೇ ಸಲ ಆಡಬಹುದಾದ ಚಿಪ್ಸ್‌ಗಳನ್ನು ನೇರವಾಗಿ ನಗದಾಗಿಸಲು ಆಗುವುದಿಲ್ಲ. ಗೆಲುವಿಗೆ ಶೇ 30 ಆದಾಯ ತೆರಿಗೆಯಿದ್ದು, ಸೋತದ್ದನ್ನು ಅದರಿಂದ ಕಳೆಯಲು ಕಾನೂನು ಬಿಡುವುದಿಲ್ಲ. ಗೆದ್ದ ಹಣದ ರಸೀದಿ ಇಟ್ಟುಕೊಳ್ಳಿ.

ನಮ್ಮ ಜಿಲ್ಲೆಯ ಯಾವುದೋ ತೋಟದ ಬಂಗಲೆಯಲ್ಲಿ ಹಣವಿಟ್ಟು ಆಡಿಸುವ ರಾತ್ರಿಗಳಿಗೆ ಈ ಲೆಕ್ಕ ಅನ್ವಯಿಸದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಜೂಜಿನ ಅಡ್ಡೆ ನಡೆಸುವುದೇ ಅಪರಾಧವಾದ್ದರಿಂದ ಅಲ್ಲಿ ಅನ್ಯಾಯವಾದರೆ ದೂರಲು ದಾರಿಯಿಲ್ಲ. ಮೊಬೈಲಿನ ಹಣದಾಟಗಳನ್ನೂ 2025ರ ಕೇಂದ್ರ ಕಾನೂನು ನಿಷೇಧಿಸಿದೆ.

ಸೋತು ಕುಳಿತವನಿಗೆ ಸಾಲ ಕೊಡಲು ಯಾರಾದರೂ ಮುಂದೆ ಬಂದರೆ, ಅವರು ಎಷ್ಟೇ ಆದರದಿಂದ ಮಾತಾಡಿಸಿದರೂ, ತಕ್ಷಣ ಮೇಜು ಬಿಟ್ಟು ಏಳಿ. ಏಳಲಾಗದ ಸ್ಥಿತಿ ಮನೆಯವರೊಬ್ಬರಿಗೆ ಬಂದಿದ್ದರೆ 14416ಕ್ಕೆ ಕರೆ ಮಾಡಿ. ಅದು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಪಾವತಿಯಲ್ಲಿ ತಪ್ಪಾಗಿದೆ ಎನಿಸಿದರೆ ಚಿಪ್ಸ್ ಮುಟ್ಟದೆ, ಮುಂದಿನ ಆಟ ಆರಂಭವಾಗುವ ಮೊದಲೇ ಸೂಪರ್‌ವೈಸರನ್ನು ಕರೆಸಿ, ಮೇಜಿನ ಮೇಲಿನ ಕ್ಯಾಮೆರಾದ ದೃಶ್ಯ ನೋಡಿ ತೀರ್ಮಾನಿಸಲು ಕೇಳಿ.