ಚೆಂಡಿಗಿಂತ ಮೊದಲು ಗೇಟ್: ಸ್ಲಾಲಮ್ ವಾಟರ್ ಸ್ಕೀಯಿಂಗ್ ಸ್ಪರ್ಧೆಗೆ ಸಜ್ಜಾಗುವುದು ಹೇಗೆ?

ದೋಣಿಯ ಹಿಂದೆ ಒಂಟಿ ಸ್ಕೀ ಮೇಲೆ ನಿಂತು, ಅದು ಎಬ್ಬಿಸುವ ಅಲೆಯನ್ನು ಎರಡೂ ಕಡೆಗೆ ಸರಾಗವಾಗಿ ದಾಟಬಲ್ಲವರು ಸ್ಲಾಲಮ್ ಪಥಕ್ಕೆ, ಅಂದರೆ ತೇಲುವ ಚೆಂಡುಗಳನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಹೊರಗಿನಿಂದ ಸುತ್ತುತ್ತ ಸಾಗುವ ಹಾದಿಗೆ ಇಳಿಯಬಹುದು. ಆದರೆ ಹೆಚ್ಚಿನವರು ಮೊದಲ ದಿನವೇ ಎಲ್ಲ ಚೆಂಡುಗಳನ್ನೂ ಸುತ್ತಲು ಹೊರಡುತ್ತಾರೆ. ಎರಡನೆಯ ಚೆಂಡಿಗೇ ತಡವಾಗುತ್ತದೆ, ಮೂರನೆಯದರ ಬಳಿ ಬೀಳುತ್ತಾರೆ, ಇದು ತಮ್ಮಿಂದಾಗದು ಎಂದು ಕೈಬಿಡುತ್ತಾರೆ. ಕಲಿಕೆಯ ಕ್ರಮವನ್ನು ಬದಲಿಸಿದರೆ ಇವರಲ್ಲಿ ಬಹುಪಾಲು ಜನ ಆಟದಲ್ಲಿ ಉಳಿಯುತ್ತಾರೆ ಎಂಬುದು ನನ್ನ ದೃಢ ನಂಬಿಕೆ.

ಮೊದಲು ಪಥದ ಲೆಕ್ಕ ತಿಳಿದಿರಲಿ. ಪ್ರವೇಶ ಗೇಟಿನಿಂದ ನಿರ್ಗಮನ ಗೇಟಿಗೆ 259 ಮೀಟರ್ (ಗೇಟ್ ಎಂದರೆ ತೇಲುವ ಎರಡು ಗುರುತುಗಳ ನಡುವಿನ ದಾರಿ). ದೋಣಿ ನಡುವೆ ನೇರವಾಗಿ ಸಾಗುತ್ತದೆ. ನಡುಗೆರೆಯಿಂದ 11.5 ಮೀಟರ್ ಆಚೆಗೆ ತೇಲುವ ಆರು ಚೆಂಡುಗಳಿರುತ್ತವೆ: 1, 3, 5 ಬಲಕ್ಕೆ, 2, 4, 6 ಎಡಕ್ಕೆ. ದೋಣಿ ಒಂದು ಚೆಂಡಿನಿಂದ ಮುಂದಿನದಕ್ಕೆ 41 ಮೀಟರ್ ಸಾಗುವಷ್ಟರಲ್ಲಿ ನೀವು 23 ಮೀಟರ್ ಅಡ್ಡ ದಾಟಿ ತಿರುಗಿರಬೇಕು. ಪುರುಷರ ಮುಕ್ತ ವಿಭಾಗದ ಗರಿಷ್ಠ ವೇಗವಾದ ಗಂಟೆಗೆ 58 ಕಿ.ಮೀ.ನಲ್ಲಿ ಇದಕ್ಕೆ ಸಿಗುವುದು ಸುಮಾರು ಎರಡೂವರೆ ಸೆಕೆಂಡು (ಮಹಿಳೆಯರಿಗೆ ಗರಿಷ್ಠ 55 ಕಿ.ಮೀ.). ವೇಗವನ್ನು 40 ಕಿ.ಮೀ.ಗೆ ಇಳಿಸಿದರೆ ಮೂರೂವರೆ ಸೆಕೆಂಡಿಗಿಂತ ಹೆಚ್ಚು ಸಮಯ ಸಿಗುತ್ತದೆ. ಹೊಸಬರಿಗೆ ಆ ಒಂದು ಸೆಕೆಂಡು ದೊಡ್ಡ ಆಸ್ತಿ. ಹಾಗೆಂದು ತೀರಾ ನಿಧಾನವೂ ಒಳ್ಳೆಯದಲ್ಲ. ಸ್ಕೀ ನೀರಿನಲ್ಲಿ ಕುಸಿಯುತ್ತದೆ, ಎಳೆತ ಭಾರವಾಗುತ್ತದೆ. ಮೈತೂಕ ಹೆಚ್ಚಿರುವವರು ತುಸು ಹೆಚ್ಚಿನ ವೇಗದಿಂದ ಶುರುಮಾಡಲಿ.

ಪಥದ ಹೊರಗೆ ನಿಲುವು ಸರಿಪಡಿಸಿಕೊಳ್ಳಿ

ಮಂಡಿಗಳು ತುಸು ಬಾಗಿರಲಿ, ತೋಳುಗಳು ನೇರವಾಗಿರಲಿ, ಹಗ್ಗದ ಹಿಡಿ ಸೊಂಟದ ಹತ್ತಿರವಿರಲಿ. ಸೊಂಟ ಹಿಂದಕ್ಕೆ ಕುಳಿತರೆ ಭಾರವೆಲ್ಲ ಹಿಂಗಾಲಿಗೆ ಬಿದ್ದು ಸ್ಕೀ ತಿರುಗುವುದೇ ಇಲ್ಲ. ಅಲೆ ದಾಟುವಾಗ ತೋಳಿನಿಂದ ಎಳೆಯಬೇಡಿ. ಇಡೀ ಮೈಯನ್ನು ದೋಣಿಯಿಂದ ಆಚೆಗೆ ವಾಲಿಸಿ. ಈ ವಾಲುವಿಕೆ ದೋಣಿಯ ನೇರ ಹಿಂದೆ ಬಂದಾಗ ಅತಿ ಹೆಚ್ಚಿರಬೇಕು, ಆಮೇಲೆ ಬಿಟ್ಟುಕೊಡಬೇಕು. ಚೆಂಡಿನವರೆಗೂ ಎಳೆಯುತ್ತಲೇ ಹೋಗುವವರಿಗೆ ತಿರುಗಲು ಸಮಯವೇ ಉಳಿಯುವುದಿಲ್ಲ. ಹೊಸಬರಲ್ಲಿ ಕಾಣುವ ದೋಷಗಳಲ್ಲೆಲ್ಲ ಇದನ್ನು ತಿದ್ದುವುದು ಅತಿ ಕಷ್ಟ. ಆದ್ದರಿಂದ ಚೆಂಡುಗಳೇ ಇಲ್ಲದ ನೀರಿನಲ್ಲಿ ಇದಕ್ಕೆ ಧಾರಾಳವಾಗಿ ಸಮಯ ಕೊಡಿ.

ಗೇಟ್, ಲಯ, ಆಮೇಲೆ ಚೆಂಡು

ಪಥಕ್ಕೆ ಬಂದ ಮೇಲೆ ಕೆಲವು ಸುತ್ತು ಪ್ರವೇಶ ಗೇಟನ್ನು ಮಾತ್ರ ಅಭ್ಯಾಸ ಮಾಡಿ. ಗೇಟಿಗೆ ಮೊದಲೇ ಎಡಕ್ಕೆ ಅಗಲವಾಗಿ ಸರಿದು, ಅಲ್ಲಿ ಕ್ಷಣಕಾಲ ತೇಲಿ, ನಿಧಾನವಾಗಿ ತಿರುಗಿ, ಗೇಟಿನ ನಡುವೆ ಹಾದು ಬಲಕ್ಕೆ ಹೋಗಬೇಕು. ಹೊರಸರಿಯುವ ಮತ್ತು ತಿರುಗುವ ಜಾಗಗಳು ಪ್ರತಿ ಸಲವೂ ಒಂದೇ ಆಗುವವರೆಗೆ ಬೇರೇನನ್ನೂ ಮಾಡಬೇಡಿ. ಗೇಟಿಗೆ ತಡವಾದರೆ ಆ ವಿಳಂಬ ಪ್ರತಿ ಚೆಂಡಿಗೂ ಬೆಳೆಯುತ್ತಲೇ ಹೋಗುತ್ತದೆ.

ಅನಂತರ ಚೆಂಡುಗಳ ಒಳಗಡೆಯೇ ತಿರುಗುತ್ತ ಇಡೀ ಪಥವನ್ನು ಮುಗಿಸಿ. ಪ್ರತಿ ಚೆಂಡಿನ ನೇರಕ್ಕೆ ಬರುವ ಮೊದಲೇ ತಿರುವು ಆರಂಭವಾಗಿರಬೇಕು ಎಂಬುದಷ್ಟೇ ಗುರಿ. ನಡುಗೆರೆಗೆ ಹತ್ತಿರವಾಗಿ ಚೆಂಡುಗಳನ್ನು ಕಟ್ಟಿದ ಕಿರುಪಥ ಲಭ್ಯವಿದ್ದರೆ ಇನ್ನೂ ಒಳ್ಳೆಯದು. ಕಡಿಮೆ ಅಗಲದಲ್ಲಿ ಪೂರ್ತಿ ಲಯ ಮೈಗೂಡುತ್ತದೆ. ಈ ಲಯ ಬಂದ ಮೇಲೆ ಮೊದಲ ಚೆಂಡನ್ನು ಸುತ್ತಿ, ಉಳಿದವನ್ನು ಒಳಗಿನಿಂದಲೇ ಹಾಯಿರಿ. ಬಳಿಕ ಎರಡು, ಮೂರು. ಆರೂ ಚೆಂಡು ಒಮ್ಮೆ ಸಿಕ್ಕಿತೆಂದು ವೇಗ ಏರಿಸಬೇಡಿ. ಮತ್ತೆ ಮತ್ತೆ ಸಿಗುವಂತಾದ ಮೇಲೆ 3 ಕಿ.ಮೀ. ಏರಿಸಿ. ಸ್ಪರ್ಧೆಯಲ್ಲಿಯೂ ವೇಗ ಏರುವುದು ಇದೇ ಪ್ರಮಾಣದಲ್ಲಿ.

ತಿರುವಿನಲ್ಲಿ ಹಗ್ಗ ಸಡಿಲವಾದರೆ ಗಾಬರಿಯಿಂದ ಜಗ್ಗಬೇಡಿ. ಮಂಡಿ ಬಾಗಿಸಿ, ಅದು ತಾನಾಗಿ ಬಿಗಿಯಾಗಲು ಬಿಡಿ. ಸಡಿಲ ತೀರಾ ಹೆಚ್ಚಾಗಿದ್ದರೆ ಹಿಡಿಯನ್ನೇ ಬಿಟ್ಟುಬಿಡಿ. ಹಿಡಿಯೊಳಗೆ ತೋಳು ತೂರಿಸುವುದು, ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಎಂದಿಗೂ ಕೂಡದು. ತೇಲುಜಾಕೆಟ್ ಕಡ್ಡಾಯ. ದೋಣಿಯಲ್ಲಿ ಚಾಲಕನ ಜೊತೆಗೆ ನಿಮ್ಮನ್ನೇ ಗಮನಿಸುತ್ತಿರುವ ಇನ್ನೊಬ್ಬರು ಇರಲೇಬೇಕು. ಬಿದ್ದ ಕೂಡಲೇ ಕೈ ಎತ್ತಿ ಕ್ಷೇಮವಾಗಿದ್ದೇನೆ ಎಂದು ತೋರಿಸಿ.

ಕಲಿಸುವವರಿಗೂ ಒಂದು ಮಾತು. ದೋಣಿ ನೇರವಾಗಿ, ಒಂದೇ ವೇಗದಲ್ಲಿ ಸಾಗದಿದ್ದರೆ ಕಲಿಯುವವರ ಶ್ರಮವೆಲ್ಲ ನೀರುಪಾಲು. ಪ್ರತಿ ಸುತ್ತಿಗೆ ಒಂದೇ ಸಲಹೆ ಕೊಡಿ. ಹಗ್ಗದ ತುದಿಯಲ್ಲಿರುವವರು ಐದು ಸಲಹೆಗಳನ್ನು ಒಟ್ಟಿಗೆ ಪಾಲಿಸಲಾರರು. ದಣಿವು ಕಂಡೊಡನೆ ಅಭ್ಯಾಸ ನಿಲ್ಲಿಸಿ.

ಮೊದಲ ಸ್ಪರ್ಧೆ

ಆರಂಭದ ವೇಗವನ್ನು ಸ್ಪರ್ಧಿಯೇ ಆರಿಸಿಕೊಳ್ಳಬಹುದು. ಅಭ್ಯಾಸದಲ್ಲಿ ಸುಲಭವಾಗಿ ಮುಗಿಸುವ ವೇಗವನ್ನೇ ಕೇಳಿ. ಹಗ್ಗ 18.25 ಮೀಟರ್ ಉದ್ದದಿಂದ ಆರಂಭವಾಗುತ್ತದೆ. ನಿಮ್ಮ ವಿಭಾಗದ ಗರಿಷ್ಠ ವೇಗ ಮುಟ್ಟಿದ ಮೇಲೆ 16, 14.25, 13 ಮೀಟರ್ ಹೀಗೆ ಮೊಟಕಾಗುತ್ತ ಹೋಗುತ್ತದೆ. ಹೊಸಬರು ಸದ್ಯಕ್ಕೆ ಆ ಚಿಂತೆ ಮಾಡಬೇಕಿಲ್ಲ. ಒಂದು ಚೆಂಡು ತಪ್ಪಿದರೆ ನಿಮ್ಮ ಸರದಿ ಮುಗಿಯಿತು, ಅಲ್ಲಿಯವರೆಗೆ ಸುತ್ತಿದ್ದೆಲ್ಲ ಅಂಕ. ಆದರೆ ಪ್ರವೇಶ ಗೇಟ್ ತಪ್ಪಿದರೆ ಆ ಸುತ್ತಿನ ಚೆಂಡು ಒಂದೂ ಲೆಕ್ಕಕ್ಕೆ ಬಾರದು. ಸ್ಪರ್ಧೆಗೆ ಮುಂಚಿನ ವಾರ ಅಭ್ಯಾಸಕ್ಕೆ ಇಳಿದಾಗಲೂ ಗೇಟಿನಿಂದಲೇ ಆರಂಭಿಸಿ.